ಬಹುಮಾನಕ್ಕೆ ಹೋದ ಆಕಾಶ

ನಿವೃತ್ತಿಯಾದ ಮರುದಿನವೇ ನುಕಾಗಾ ಯಸುಹಿಕೊ ಅವರಿಗೆ ಜ್ಞಾನೋದಯವಾಯಿತು: ದುಡಿದು ಗಳಿಸುವುದು ದಡ್ಡರ ಲಕ್ಷಣ, ಕಾರ್ಡು ಬರೆದು ಗೆಲ್ಲುವುದೇ ನಿಜವಾದ ಪುರುಷಾರ್ಥ. ಮೂವತ್ತೆಂಟು ವರ್ಷ ನೆರಿಮಾದ ಬೀದಿಗಳಲ್ಲಿ ಬಸ್ಸು ಓಡಿಸಿದ ಕೈ ಅಂದಿನಿಂದ ಅಂಚೆ ಕಾರ್ಡಿನ ಮೇಲೆ ಓಡತೊಡಗಿತು. ಸೋಪಿನ ಕಂಪೆನಿಯೋ ಶಾವಿಗೆ ಕಂಪೆನಿಯೋ, ಯಾರೇ “ಕಾರ್ಡು ಕಳಿಸಿ, ಬಹುಮಾನ ಗೆಲ್ಲಿ” ಎಂದರೂ ಮೊದಲ ಟಪಾಲಿಗೇ ಅವರ ಉತ್ತರ ಸಿದ್ಧ. ಇದುವರೆಗಿನ ಒಟ್ಟು ಸಂಪಾದನೆ, ಕಿವಿಯ ಗುಗ್ಗೆ ತೆಗೆಯುವ ಒಂದು ಬಿದಿರು ಕಡ್ಡಿ. (ಎರಡೂ ಕಿವಿಗೆ ಒಂದೇ ಸಾಕು ಎಂದು ಅವರು ಅದರಲ್ಲೂ ತೃಪ್ತಿ ಕಂಡಿದ್ದರು.)

ಆ ಗುರುವಾರ ಒಂದು ಮಿಸೊ ಕಂಪೆನಿಯ ಸ್ಪರ್ಧೆಗೆ ಕೊನೆಯ ದಿನ. ಗೆದ್ದವರಿಗೆ ವರ್ಷವಿಡೀ ಸಾರಿಗೆ ಕದಡುವಷ್ಟು ಮಿಸೊ, ಹುದುಗಿಸಿದ ಸೋಯಾ ಮುದ್ದೆ! ಆದರೆ ಮನೆಯಲ್ಲಿ ಒಂದೇ ಒಂದು ಕಾರ್ಡಿಲ್ಲ. ಹೆಂಡತಿ ಫುಸಾಯೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಯಸುಹಿಕೊ ಕಪಾಟು ಕೆದಕಿದರು, ಡ್ರಾಯರು ಜಾಲಾಡಿದರು. ಕೊನೆಗೆ ಹೊಲಿಗೆಪೆಟ್ಟಿಗೆಯ ತಳದಲ್ಲಿ, ತೆಳುಕಾಗದ ಹೊದ್ದು ಮದುಮಗಳಂತೆ ಮಲಗಿದ್ದ ಕಾರ್ಡೊಂದು ಸಿಕ್ಕಿತು. ಒಂದು ಬದಿ ಸಂಜೆಯ ಮೋಡ, ಮೂಲೆಯಲ್ಲಿ ಪುಟ್ಟ ದೀಪಸ್ತಂಭ. ಇನ್ನೊಂದು ಬದಿ ಪೂರ್ತಿ ಖಾಲಿ. ಅವರಿಗೆ ಬೇಕಾಗಿದ್ದದ್ದು ಖಾಲಿ ಬದಿ. ಬರೆದರು, ಅಂಚೆಚೀಟಿ ಅಂಟಿಸಿದರು, ಓಡಿದರು.

ಫುಸಾಯೆ ಮನೆಗೆ ಬಂದವಳೇ ಹೊಲಿಗೆಪೆಟ್ಟಿಗೆ ತೆರೆದಳು.

“ಏನ್ರೀ, ಇಲ್ಲೊಂದು ಕಾರ್ಡಿತ್ತಲ್ಲ?”

“ಆ ಮೋಡದ್ದಾ? ಅದಕ್ಕೆ ಸದ್ಗತಿ ಕಾಣಿಸಿದೀನಿ. ನೋಡ್ತಿರು, ಮನೆ ತುಂಬ ಮಿಸೊ ಬರುತ್ತೆ!”

ಫುಸಾಯೆ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಅಭ್ಯಾಸವಿತ್ತು. ಅವಳು ಚಾಪೆಯ ಮೇಲೆ ಮೆಲ್ಲನೆ ಕುಳಿತು, “ಅದು ನಾನು ಬಳಿದ ಆಕಾಶ ಕಣ್ರೀ” ಎಂದಳು.

ಮದುವೆಗೆ ಮುಂಚೆ ಆರು ವರ್ಷ ಅವಳು ಅಕೆಬಿ ಎಂಬ ಪುಟ್ಟ ಕಾರ್ಟೂನು ಸ್ಟುಡಿಯೊದಲ್ಲಿ ಹಿನ್ನೆಲೆಯ ಚಿತ್ರ ಬರೆಯುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಅತ್ತೆ ಹಾಸಿಗೆ ಹಿಡಿದಾಗ ಕುಂಚ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಆ ಆಕಾಶದ ಮೂಲ ಚಿತ್ರ ಎಲ್ಲಿ ಹೋಯಿತೋ, ಬಲ್ಲವರಿಲ್ಲ. ಈ ವಸಂತದಲ್ಲಿ ಸ್ಟುಡಿಯೊದವರು ಆ ಆಕಾಶವಿದ್ದ ಹಳೆಯ ಸಿನಿಮಾ ಮತ್ತೆ ಹಾಕಿ, ಪ್ರತಿ ಟಿಕೆಟ್ಟಿಗೂ ಮುಚ್ಚಿದ ಲಕೋಟೆಯಲ್ಲಿ ಒಂದೊಂದು ಚಿತ್ರದ ಕಾರ್ಡು ಕೊಟ್ಟಿದ್ದರು. ಎಂಟು ಬಗೆಯ ಚಿತ್ರ, ಸಿಕ್ಕಿದ್ದೇ ಭಾಗ್ಯ. ನಾಲ್ಕು ಸಲ ಅವಳಿಗೆ ಮೀಸೆಯ ಬೆಸ್ತನೇ ಸಿಕ್ಕಿದ್ದ; ಅವನನ್ನು ಪಕ್ಕದ ಸೀಟಿನ ಮಕ್ಕಳಿಗೆ ಕೊಟ್ಟುಬಿಟ್ಟಿದ್ದಳು. ಐದನೇ ಸಲ ಆಕಾಶ ಕೈಗೆ ಬಂದಿತ್ತು.

“ಅಂದ್ರೆ ಹಲ್ಲಿನ ಡಾಕ್ಟರು?”

“ನನ್ನ ಹಲ್ಲೆಲ್ಲ ಗಟ್ಟಿಯಾಗೇ ಇದಾವೆ. ಇವತ್ತು ಕೊನೇ ಆಟ ಅಂತ ಇನ್ನೊಂದ್ಸಲ ನೋಡ್ಕೊಂಡು ಬಂದೆ. ಕಾರ್ಡೆಲ್ಲ ಮುಗಿದುಹೋಗಿತ್ತು.”

“ನನಗೊಂದು ಮಾತು ಹೇಳಬಾರದಿತ್ತೇನೇ?”

“ಮದುವೆಗೆ ಮುಂಚೆ ನಿಮ್ಮನ್ನ ಅದೇ ಸಿನಿಮಾಗೆ ಕರ್ಕೊಂಡು ಹೋಗಿದ್ದೆ. ನನ್ನ ಆಕಾಶ ಬರೋ ಹೊತ್ತಿಗೆ ನೀವು ಗೊರಕೆ ಹೊಡೀತಿದ್ರಿ.”

ಅಂದಿನಿಂದ ಆ ಕಾರ್ಡು ಅವರನ್ನು ಕಾಡತೊಡಗಿತು. ಅಂಚೆ ಕಚೇರಿಗೆ ಓಡಿದರು. ಚೀಲ ಆಗಲೇ ಹೊರಟುಹೋಗಿತ್ತು. “ನನ್ನ ಕಾರ್ಡು ಹಿಂತಿರುಗಿಸಿ” ಎಂದು ಕಂಪೆನಿಗೆ ಮೂರು ಕಾರ್ಡು ಬರೆದರು. (ಮೂರನ್ನೂ ಕಂಪೆನಿಯವರು ಶ್ರದ್ಧೆಯಿಂದ ಬಹುಮಾನದ ಪೆಟ್ಟಿಗೆಗೇ ಹಾಕಿದರು.) ಕೊನೆಗೆ ಫೋನು ಮಾಡಿದಾಗ ಮೊಮೊಸೆ ಎಂಬ ಗುಮಾಸ್ತೆ ಕೂಗಿಯೇಬಿಟ್ಟಳು: “ಆ ಆಕಾಶದ ಕಾರ್ಡಾ? ಡ್ರಾ ಮುಗೀತು, ನಿಮಗೆ ಬಹುಮಾನ ಬಂದಿಲ್ಲ. ಆದ್ರೆ ಆ ಕಾರ್ಡು ನಮ್ಮ ಗೋಡೆ ಮೇಲಿದೆ!”

ಮರುದಿನವೇ ದಂಪತಿಗಳು ಕಂಪೆನಿಯಿದ್ದ ನಾಗಾನೊಗೆ ರೈಲು ಹತ್ತಿದರು.

ಮೊಮೊಸೆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. “ಬುತ್ತಿ ತಿನ್ನೋವಾಗ ನಾವೆಲ್ಲ ಇದರ ಕೆಳಗೇ ಕೂರ್ತೀವಿ. ಇದನ್ನ ಬರೆದೋರು ಯಾರಿರಬಹುದು ಅಂತ ಮಾತಾಡ್ಕೋತೀವಿ.”

ಫುಸಾಯೆ ಕನ್ನಡಕ ತೆಗೆದು ಕಾರ್ಡನ್ನು ಮುಖದ ಹತ್ತಿರ ಹಿಡಿದಳು. ಆಮೇಲೆ ಗಂಡನ ಕಡೆ ವಾಲಿಸಿದಳು.

“ಇಲ್ಲಿ ನೋಡಿ, ಈ ಅಂಚಿನ ಕೆಂಪು. ಕುಂಚದಲ್ಲಿ ಬರ್ಲೇ ಇಲ್ಲ. ಮೇಲಿನೋರು ಟೀಗೆ ಹೋದಾಗ ಬೆರಳಲ್ಲಿ ತೀಡಿದ್ದೆ. ಇಪ್ಪತ್ತನಾಲ್ಕು ವಯಸ್ಸು ಆಗ ನಂಗೆ.”

ಯಸುಹಿಕೊ ನೋಡಿದರು. ಕತ್ತಲಾಗುವುದಕ್ಕೆ ಇನ್ನೂ ಮನಸ್ಸಿಲ್ಲದ ಆಕಾಶ. ಇಂಥದೊಂದು ಸಂಜೆಯನ್ನು ಎದೆಯಲ್ಲಿಟ್ಟುಕೊಂಡು ಇವಳು ಇಷ್ಟು ವರ್ಷ ತಮ್ಮ ಕಾಲುಚೀಲ ಒಗೆದಳೇ? ಆ ಬೆರಳನ್ನೊಮ್ಮೆ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲು ಕೈ ಚಾಚಿದ ಆ ಅಮೃತ ಘಳಿಗೆಯಲ್ಲೇ, ಕಾರ್ಡಿನ ಹಿಂಬದಿಯಲ್ಲಿ ತಾವು ಏನು ಬರೆದಿದ್ದೆವೆಂಬುದು ನೆನಪಾಯಿತು.

“ಫುಸಾಯೆ, ಕೊಡಿಲ್ಲಿ, ಬ್ಯಾಗಲ್ಲಿ ಇಟ್ಕೋತೀನಿ—”

ಅವಳು ಆಗಲೇ ತಿರುಗಿಸಿದ್ದಳು. “ನಮ್ಮ ಮಿಸೊ ನಿಮಗೇಕೆ ಬೇಕು?” ಎಂಬ ಕಂಪೆನಿಯ ಪ್ರಶ್ನೆಗೆ ಯಸುಹಿಕೊ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದರು. ಫುಸಾಯೆ ಅದನ್ನು ಗಟ್ಟಿಯಾಗಿ ಓದಿದಳು: “ಮೂವತ್ತನಾಲ್ಕು ವರ್ಷದಿಂದ ನನ್ನ ಹೆಂಡತಿಯ ಸಾರು ಬರೀ ನೀರು ನೀರು. ಅವಳ ಕೈಯಲ್ಲಿ ಕಲೆಯೆಂಬುದೇ ಇಲ್ಲ.”

ಮೊಮೊಸೆಗೆ ಇದ್ದಕ್ಕಿದ್ದಂತೆ ಒಳಗೆ ಬಹಳ ಕೆಲಸ ನೆನಪಾಯಿತು.

ರೈಲಿನಲ್ಲಿ ಫುಸಾಯೆ ಆಕಾಶದ ಬದಿಯನ್ನೇ ನೋಡುತ್ತ ಬಂದಳು. ದಾರಿಯಲ್ಲಿ ಇಳಿದು ಒಂದು ಅಂಗಡಿಗೆ ಹೊಕ್ಕು ಬಣ್ಣ, ಕುಂಚ ಕೊಂಡಳು. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಸಾರಿರಲಿಲ್ಲ, ಕಾಗದ ಹರಡಿತ್ತು.

“ಸಾರು?” ಎಂದರು ಯಸುಹಿಕೊ, ಆದಷ್ಟು ಸಣ್ಣ ದನಿಯಲ್ಲಿ.

“ಕೈಯಲ್ಲಿ ಕಲೆ ಇರೋರು ಮಾಡ್ಲಿ.”

ಅವರು ಮಾಡಿದರು. ಎರಡು ಪಾತ್ರೆ ಸೀದವು, ಒಂದು ಬೆರಳು ಸುಟ್ಟಿತು. ಬಟ್ಟಲು ಹಿಡಿದು ಬಂದಾಗ ಹೆಂಡತಿ ಕಿಟಕಿಯ ಬಳಿ ಕೆಂಪು ಬಳಿದ ಬೆರಳು ನೋಡುತ್ತ ಕೂತಿದ್ದಳು.

“ಬರ್ತಾ ಇಲ್ಲ ಕಣ್ರೀ ಆ ಕೆಂಪು. ಬೆರಳೇನೋ ಅದೇ. ತೀಡಿದೋಳು ಎಲ್ಲೋ ಇಳ್ಕೊಂಡುಬಿಟ್ಟಿದಾಳೆ.”

ಇಳಿದುಹೋದವರನ್ನು ಮತ್ತೆ ಹತ್ತಿಸಿಕೊಳ್ಳುವುದು ಹೇಗೆಂದು ಮೂವತ್ತೆಂಟು ವರ್ಷದ ಬಸ್ಸಿನ ಅನುಭವದಲ್ಲೂ ಅವರಿಗೆ ತಿಳಿದಿರಲಿಲ್ಲ. ಸುಮ್ಮನೆ ಬಟ್ಟಲು ಮುಂದೆ ತಳ್ಳಿ, ಪಕ್ಕದಲ್ಲಿ ಕುಳಿತರು. ಅವಳು ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ತಳದವರೆಗೂ ಕುಡಿದಳು.

“ಹೇಗಿದೆ?”

ಫುಸಾಯೆ ಕುಂಚ ಎತ್ತಿಕೊಂಡು ಮತ್ತೆ ಕಾಗದಕ್ಕೆ ಬಾಗಿದಳು.

“ನೀರು ನೀರು.”