ವೋಟಿಗೊಂದು ಮದುವೆಯ ಕರೆ

ನನ್ನ ಷಡ್ಡಕ ಇದುವರೆಗೆ ಯಾವ ಚುನಾವಣೆಗೂ ನಿಂತವನಲ್ಲ. ಆದರೆ ಚುನಾವಣೆ ಬಂತೆಂದರೆ ಕೂರುವವನೂ ಅಲ್ಲ!

ಚೆನ್ನೈ ಪಕ್ಕದ ತಾಂಬರಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವ ಪಕ್ಷಕ್ಕೂ ಸೇರದ ಮತದಾರರ ಸಂಘವೊಂದಿದೆ. ಅಧ್ಯಕ್ಷ ಅವನೇ, ಕಾರ್ಯದರ್ಶಿಯೂ ಅವನೇ. ಸಭಿಕ ನಾನು. ಯಾರಿಗೆ ವೋಟು ಹಾಕಬೇಕೆಂದು ಸಂಘ ಹೇಳುವುದಿಲ್ಲ. ಹಾಕದವರನ್ನು ಮಾತ್ರ ಬಿಡುವುದಿಲ್ಲ. ಅವನ ನಿಷ್ಪಕ್ಷಪಾತ ಎಂಥದು ಗೊತ್ತೆ? ಚುನಾವಣೆ ಘೋಷಣೆಯಾದ ದಿನವೇ ಹೆಂಡತಿಯ ರಂಗೋಲಿಗೆ ನಿರ್ಬಂಧ: ತಾವರೆ ಕೂಡದು, ಎರಡೆಲೆ ಕೂಡದು, ಮೂಡುವ ಸೂರ್ಯನಂತೂ ಕೂಡದೇ ಕೂಡದು.

"ಮತ್ತೇನು ಬಿಡಿಸ್ಲಿ? ನಿಮ್ಮ ತಲೇನಾ?" ಎಂದಳು ನನ್ನ ನಾದಿನಿ.

"ಬಿಡಿಸು. ಅದು ಯಾರ ಚಿಹ್ನೆಯೂ ಅಲ್ಲ!"

ಈ ಸಲ ಅವನಿಗೆ ಹೊಸ ಹುಚ್ಚು. "ಭಾವ, ಕರಪತ್ರ ಕೊಟ್ರೆ ಜನ ಬಜ್ಜಿ ಎಣ್ಣೆ ಒರೆಸಿ ಬಿಸಾಡ್ತಾರೆ. ಮನೆಮನೆಗೆ ಹೋಗಿ ಮದುವೆಗೆ ಕರೆದ ಹಾಗೆ ಕರೀಬೇಕು. ಆಮೇಲೆ ಹೇಗೆ ತಪ್ಪಿಸ್ಕೋತಾರೆ ನೋಡೋಣ!" ಬೆಳ್ಳಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಅಕ್ಷತೆ ಹಿಡಿದು ಹೊರಟೇಬಿಟ್ಟ. ಗಂಡಸರು ಕುಂಕುಮ ಕೊಡುವುದುಂಟೆ? ಏನು ಮಾಡುವುದು, ಸಂಘದಲ್ಲಿ ಹೆಂಗಸರಿಲ್ಲವಲ್ಲ! ರೈಲ್ವೆಯಲ್ಲಿ ದುಡಿದ ನಾನು, ಮನೆಯೊಂದಕ್ಕೆ ನಾಲ್ಕು ನಿಮಿಷವೆಂದು ವೇಳಾಪಟ್ಟಿ ಬರೆದುಕೊಂಡು ಹಿಂದೆ ನಡೆದೆ.

ಎರಡನೇ ಮಹಡಿಯ ಮಾಮಿ ತಟ್ಟೆ ಕಂಡದ್ದೇ ಅರಳಿ, ಯಾರ ಮದುವೆ ಎಂದು ತಮಿಳಿನಲ್ಲಿ ಕೇಳಿದರು. "ಯಾರುಕ್ಕು ಸಾರ್ ಕಲ್ಯಾಣಂ?"

"ಎಲ್ಲಾರುಕ್ಕುಂ ಮಾಮಿ! ಮುಹೂರ್ತಂ ಏಳು ಮಣಿ, ಎದುರು ಸ್ಕೂಲ್‌ಲ!" ಎಲ್ಲರದೂ, ಏಳು ಗಂಟೆಗೆ ಎದುರಿನ ಶಾಲೆಯಲ್ಲಿ ಎಂದುಬಿಟ್ಟ ಷಡ್ಡಕ.

ಸಂಜೆಗೆ ಮಾಮಿಯ ಮನೆಯಿಂದ ಮದುವೆಯ ಉಡುಗೊರೆಯಾಗಿ ಸ್ಟೀಲ್ ಬಿಂದಿಗೆ ಬಂತು. "ಅಯ್ಯಯ್ಯೋ ಭಾವ, ಎಲೆಕ್ಷನ್ ಟೈಮಲ್ಲಿ ಉಡುಗೊರೆ! ನನ್ನನ್ನ ಹಿಡ್ಕೊಂಡು ಹೋಗ್ತಾರೆ!" ವಾಪಸ್ ಕೊಡಲು ಬಿಂದಿಗೆ ಹೊತ್ತು ಅವನು ಮೆಟ್ಟಿಲು ಹತ್ತಿದ ವೇಗಕ್ಕೆ ನಮ್ಮ ಎಲೆಕ್ಟ್ರಿಕ್ ಟ್ರೈನು ನಾಚಬೇಕು!

ಮರುದಿನ ನನ್ನ ಪಟ್ಟಿ ಮುಗಿಯಿತು. "ಭಾವ, ಒಂದು ಮನೆ ಬಿಟ್ಟಿದೀರಿ," ಎಂದ.

ನಾಲ್ಕನೇ ಮಹಡಿ, ನನ್ನ ಅಕ್ಕನ ಮನೆ. ಗಂಡ ತೀರಿಕೊಂಡ ಮೇಲೆ ಎರಡು ವರ್ಷದಿಂದ ಅವಳು ಗೇಟು ದಾಟಿರಲಿಲ್ಲ. ಮಗಳು ಬೇಡಿಕೊಂಡರೂ ಇಲ್ಲ, ನಾನು ಗದರಿದರೂ ಇಲ್ಲ. ಶುಭಕಾರ್ಯಕ್ಕೆ ಕರೆಯುವವರು ಅವಳ ಬಾಗಿಲು ಬಿಟ್ಟು ಮುಂದೆ ಹೋಗುತ್ತಿದ್ದರು. ನಾನೂ ಹಾಗೆಯೇ ಪಟ್ಟಿ ಬರೆದಿದ್ದೆ.

"ಕುಂಕುಮದ ತಟ್ಟೆ ಅಲ್ಲಿಗೆ ಬೇಡಪ್ಪಾ," ಎಂದೆ.

"ಯಾಕೆ? ವೋಟರ್ ಲಿಸ್ಟಲ್ಲಿ ಅವರ ಹೆಸರಿಲ್ವಾ?"

ಅಕ್ಕ ಬಾಗಿಲು ತೆರೆದಳು. "ಅಕ್ಕಾ, ನೀವೇ ಬಂದು ನಡೆಸಿಕೊಡಬೇಕು," ಎಂದು ತಟ್ಟೆ ಚಾಚಿದ. ಅವಳು ತುಂಬ ಹೊತ್ತು ತಟ್ಟೆಯನ್ನೇ ನೋಡಿದಳು. ನಾಲ್ಕು ಕಾಳು ಅಕ್ಷತೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ನನ್ನ ನಾಲ್ಕು ನಿಮಿಷ ಹನ್ನೊಂದಾಗಿತ್ತು.

ನಮ್ಮ ಮತಗಟ್ಟೆಯಲ್ಲಿ ಮೊದಲ ವೋಟು ಯಾವತ್ತೂ ನನ್ನದು. ಆ ದಿನವೂ ಆರೂವರೆಗೇ ಸಾಲಿನ ತಲೆಯಲ್ಲಿದ್ದೆ. ಷಡ್ಡಕ ಶಾಲೆಯ ಗೇಟಿನಲ್ಲಿ ನಿಂತು, ಹೆಣ್ಣಿನ ತಂದೆಯ ಹಾಗೆ ಬಂದವರಿಗೆಲ್ಲ ಕೈಮುಗಿದು ವಟಗುಟ್ಟುತ್ತಿದ್ದ. ಏಳಕ್ಕೆ ಐದು ನಿಮಿಷವಿರುವಾಗ ಅವನ ಬಾಯಿ ಥಟ್ಟನೆ ನಿಂತಿತು. ಇದೇನಿದು ಎಂದು ತಿರುಗಿದೆ.

ಅಕ್ಕ ಬರುತ್ತಿದ್ದಳು. ಮಗಳ ಮದುವೆಯಲ್ಲಿ ಉಟ್ಟಿದ್ದ ಹಸಿರು ರೇಷ್ಮೆ ಸೀರೆ!

"ಏನೋ ಹಾಗೆ ನೋಡ್ತೀಯಾ?" ಎಂದಳು ನನಗೆ. "ಮನೆಗೆ ಬಂದು ಕರೆದಿದಾನೆ. ಹೋಗದೇ ಇದ್ರೆ ಚೆನ್ನಾಗಿರುತ್ತಾ?"

ನಾನು ಒಂದು ಹೆಜ್ಜೆ ಹಿಂದೆ ಸರಿದು ಅವಳನ್ನು ಮುಂದೆ ನಿಲ್ಲಿಸಿದೆ. ಆ ಸಲ ನಮ್ಮ ಮತಗಟ್ಟೆಯ ಎರಡನೇ ವೋಟು ನನ್ನದು.