ಸ್ವಲ್ಪ ಬೆಳ್ಳಗೆ ಬರ್ಲಿ ಸಾರ್

ಫೋಟೋ ಸ್ಟುಡಿಯೋ ಇಟ್ಟವನಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಬಾಗಿಲು ತೆರೆದರೆ ಸಾಕು, ತಾವಾಗಿ ಬಂದು ಸ್ಟೂಲಿನ ಮೇಲೆ ಕೂರುತ್ತವೆ. ತೊಂಬತ್ತರ ದಶಕದಲ್ಲಿ ಹನುಮಂತನಗರದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಮದುವೆಗೆ ತೋರಿಸುವ ಫೋಟೋಗೆ ನನ್ನ ಕೈಗುಣ ಒಳ್ಳೆಯದೆಂದು ಹೆಸರಾಗಿತ್ತು. ಕಂಡವರ ಮಕ್ಕಳೆಲ್ಲ ಹಸೆಮಣೆ ಏರಿದರು, ನನ್ನ ತಂಗಿ ಮಾತ್ರ ಮನೆಯಲ್ಲೇ ಉಳಿದಳು. ಅಪ್ಪ ಇರಲಿಲ್ಲ, ಅವಳ ಮದುವೆ ನನ್ನ ತಲೆಯ ಮೇಲಿತ್ತು.

ಇನ್ನೂ ಸ್ವಲ್ಪ

ವಸಂತಪುರದಿಂದ ಒಬ್ಬರು ಮಗಳನ್ನು ಕರೆತಂದರು. ಕಪ್ಪಗಿದ್ದರೂ ಲಕ್ಷಣವಾದ ಹುಡುಗಿ. ಹೀಗೆ “ಇದ್ದರೂ” ಅನ್ನುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ.

“ಸ್ವಲ್ಪ ಬೆಳ್ಳಗೆ ಬರ್ಲಿ ಸಾರ್,” ಅಂದರು ಹುಡುಗಿಯ ಅಪ್ಪ.

ಪೌಡರ್ ಬಳಿಸಿ, ಎರಡು ಲೈಟನ್ನೂ ಮುಖಕ್ಕೇ ಹಾಕಿದೆ. ಪ್ರಿಂಟ್ ತೋರಿಸಿದರೆ “ಇನ್ನೂ ಸ್ವಲ್ಪ” ಅಂದರು. ನೆಗೆಟಿವ್ ಮೇಲೂ ಕೈಯಾಡಿಸಿದೆ. ಕೊನೆಗೆ ಕಣ್ಣು, ಕುಂಕುಮ, ಜಡೆ ಉಳಿದವು. ಮೂಗು ಎಲ್ಲಿ ಹೋಯಿತೋ ನನಗೂ ಗೊತ್ತಾಗಲಿಲ್ಲ.

“ಹಾಂ, ಈಗ ಸರಿಯಾಯ್ತು,” ಅಂದರು ಅಪ್ಪ.

ಹುಡುಗಿ ಬಹಳ ಹೊತ್ತು ನೋಡಿ ಹೇಳಿದಳು: “ಅಪ್ಪ, ಇವಳಿಗೇ ಮದುವೆ ಮಾಡಿ ಕಳಿಸ್ಬಿಡಿ. ನಾನು ಮನೇಲಿರ್ತೀನಿ.”

ಹಣೆಯವರೆಗೆ ಮಾತ್ರ

ಗಂಡುಗಳೇನು ಕಡಿಮೆಯಿರಲಿಲ್ಲ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಗುಮಾಸ್ತರೊಬ್ಬರು ಬಂದರು.

“ಅಣ್ಣಾರ, ಕೂದ್ಲ ಛಲೋ ಕಾಣಂಗ ತೆಗೀರಿ.”

ಇದ್ದರಲ್ಲವೇ ಕಾಣುವುದು. ಗದ್ದ ಎತ್ತಿಸಿ, ಹಣೆಯ ಮೇಲಿನದನ್ನು ಪ್ರಿಂಟಿನಲ್ಲಿ ಕತ್ತರಿಸಿಬಿಟ್ಟೆ. ಇದು ಹೊಸ ಸ್ಟೈಲು ಅಂದೆ, ನಂಬಿದರು.

ಮೂರು ತಿಂಗಳಿಗೆ ಹೆಂಡತಿಯ ಜೊತೆ ಜೋಡಿ ಫೋಟೋಗೆ ಬಂದರು. ಕ್ಯಾಮೆರಾ ಹಿಡಿಯುವ ಮೊದಲೇ ಆಕೆ ಅಂದರು: “ಹೆಣ್ಣು ನೋಡೋಕೆ ಬಂದ ದಿನ ನಂಗೆ ತಲೆ ಎತ್ತಬೇಡ ಅಂದ್ರು. ಧಾರೆ ದಿನ ಇವರ ತಲೆ ಮೇಲೆ ಪೇಟ ಇತ್ತು. ಈಗ್ಲಾದ್ರೂ ಪೂರ್ತಿ ತೆಗೀರಿ ಸಾರ್.”

ತುಟಿ ಮುಚ್ಕೊ

ತಂಗಿಯ ಮೇಲಿನ ಹಲ್ಲು ಸ್ವಲ್ಪ ಮುಂದೆ. ನಾಲ್ಕು ಸಲ ಫೋಟೋ ತೆಗೆದೆ, ನಾಲ್ಕು ಸಲವೂ “ತುಟಿ ಮುಚ್ಕೊ” ಅಂದೆ. ಪ್ರತಿಸಲವೂ ಫೋಟೋ ಮೆಚ್ಚಿ ಗಂಡಿನವರು ಬಂದರು. ಅವಳು ಕಾಫಿ ಕೊಡುತ್ತಾ ಬಾಯಿ ತೆರೆದದ್ದೇ ತಡ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪಿಟ್ಟು ತಿಂದು ಹೋದರು. ವಾರದಲ್ಲಿ ಫೋಟೋ, ಜಾತಕ ಎರಡೂ ಅಂಚೆಯಲ್ಲಿ ವಾಪಸ್. “ಇನ್ನೂ ಚೆನ್ನಾಗಿ ತೆಗಿಯೋ,” ಅನ್ನುತ್ತಿದ್ದಳು ಅಮ್ಮ.

ಐದನೆಯ ಸಲ ತಂಗಿ ನನಗೆ ಹೇಳಲೇ ಇಲ್ಲ. ಬನಶಂಕರಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಬಸ್ ಪಾಸಿಗೆಂದು ತೆಗೆಸಿದ್ದ ಫೋಟೋವನ್ನೇ ಜಾತಕದ ಜೊತೆ ಕಳಿಸಿದ್ದಳು. ಬೆವರಿದ ಮುಖ, ಕೆದರಿದ ಕೂದಲು, ಹಲ್ಲು ಎಲ್ಲಕ್ಕಿಂತ ಮುಂದೆ. ಗಂಡಿನವರು ಬಂದು ಅದನ್ನು ಹೊರತೆಗೆದಾಗಲೇ ನಾನು ನೋಡಿದ್ದು. ಮೈಯೆಲ್ಲ ಉರಿಯಿತು.

ಬಂದ ಗಂಡು ಫೋಟೋ ನೋಡಿದ, ಅವಳನ್ನು ನೋಡಿದ. “ಫೋಟೋಗಿಂತ ಎಷ್ಟೋ ಚೆನ್ನಾಗಿದೀರಲ್ರೀ,” ಅಂದ. ಅವತ್ತೇ ಒಪ್ಪಿಗೆ ಆಯಿತು.

ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಮದುವೆಯಲ್ಲಾದರೂ ನನ್ನ ಕೈಚಳಕ ತೋರಿಸೋಣವೆಂದು ಕ್ಯಾಮೆರಾ ಒರೆಸುತ್ತಾ ಕೂತಿದ್ದೆ. ತಂಗಿ ಬಂದು ಅದನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡಳು.

“ನೀನು ಧಾರೆ ಎರೆದ್ರೆ ಸಾಕಣ್ಣ. ಫೋಟೋಗೆ ಆ ಬನಶಂಕರಿಯವ್ರಿಗೆ ಹೇಳಿದೀನಿ. ನಾಳೆ ಗಂಡನ ಮನೇಲಿ ಆಲ್ಬಂ ತೆಗೆದು ನೋಡಿದ್ರೆ, ಮದುವೆ ನಂದೇ ಅಂತ ಗೊತ್ತಾಗ್ಬೇಕಲ್ಲ.”