ಯಜಮಾನರಿಗೇ ಅನುಮತಿ ಇಲ್ಲ

ಅಂಗಡಿ ಇದ್ದದ್ದು ಮೊಬೈಲಿನಲ್ಲಿ, ಮಾಲು ಇದ್ದದ್ದು ಮಹಡಿಯ ಕೋಣೆಯಲ್ಲಿ. ಆನ್‌ಲೈನಿನಲ್ಲಿ ಕಂಬಳಿ ಮಾರುತ್ತಿದ್ದ ಯಜಮಾನರು ಬೆಳಗ್ಗೆ ಎದ್ದು ನೋಡಿದರೆ, ಒಳ್ಳೊಳ್ಳೆ ಕಂಬಳಿಗಳೆಲ್ಲ ಅರ್ಧ ಬೆಲೆಗೆ ಇಳಿದು ಕೂತಿದ್ದವು.

"ಪಾಪ, ಜನಕ್ಕೆ ಚಳಿ ಅಲ್ವಾ? ನಾನೇ ಇಳಿಸಿದೆ," ಎಂದರು ಪ್ಯಾಕಿಂಗಿಗೆ ಬರುವ ಪಕ್ಕದ ಮನೆಯಾಕೆ.

ಯಜಮಾನರ ಪಿತ್ತ ನೆತ್ತಿಗೇರಿತು. ಯಾರಿಗೂ ಇಲ್ಲವೆನ್ನಲಾರದೆ ಅಂಗಡಿಯ ಪೂರ್ಣ ಅಧಿಕಾರವನ್ನು ಎಲ್ಲರಿಗೂ ಪ್ರಸಾದದ ಹಾಗೆ ಹಂಚಿಬಿಟ್ಟಿದ್ದರು. ಇವತ್ತು ಎಲ್ಲರದೂ ಕಿತ್ತುಹಾಕುವುದೇ ಸೈ ಎಂದು ಕೂತರು. ಪಕ್ಕದ ಮನೆಯಾಕೆಯದು ಹೋಯಿತು. ಹೆಂಡತಿಯದು ಸದ್ದಿಲ್ಲದೆ ಹೋಯಿತು. ಫೋಟೋ ತೆಗೆಯುವ ಬಾಮೈದನ ಸರದಿ ಬಂದಾಗ, ಸಿಟ್ಟಿನ ಭರಕ್ಕೆ ಬೆರಳು ಪಟ್ಟಿಯಲ್ಲಿ ಒಂದು ಸಾಲು ಮೇಲಕ್ಕೆ ಬಿತ್ತು. ಅಲ್ಲಿದ್ದದ್ದು ಅವರದೇ ಹೆಸರು.

"ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ," ಎಂದಿತು ಮೊಬೈಲು.

ಟವೆಲ್ಲು ಸುತ್ತಿಕೊಂಡು ಪೇಪರ್ ತರಲು ಹೊರಬಂದಾಗ ಹಿಂದೆ ಬಾಗಿಲು ಹಾಕಿಕೊಂಡಂತಾಯಿತು ಅವರ ಸ್ಥಿತಿ.

"ಖಾತೆಯಿಂದ ಹೊರಗೆ ಬಂದು ಪಾಸ್‌ವರ್ಡ್ ಮತ್ತೆ ಒತ್ತಿ. ಸ್ವಲ್ಪ ಜೋರಾಗಿ ಒತ್ತಿ," ಎಂದರು ಪಕ್ಕದ ಮನೆಯಾಕೆ.

ಜೋರಾಗಿ ಒತ್ತಿದ್ದೆಲ್ಲ ತಪ್ಪಾಗಿ, ಖಾತೆಗೇ ಬೀಗ ಬಿತ್ತು. ಸಹಾಯವಾಣಿಗೆ ಫೋನು ಹಚ್ಚಿದರು.

"ಅಂಗಡಿ ಮಾಲೀಕರಿಂದ ಫೋನ್ ಮಾಡಿಸಿ ಸರ್."

"ನಾನೇ ಕಣಮ್ಮಾ ಮಾಲೀಕ!"

"ನಮ್ಮಲ್ಲಿ ನೀವು ಬರೀ ಗ್ರಾಹಕರು ಅಂತಿದೆ. ಕಂಬಳಿ ಏನಾದ್ರೂ ಬೇಕಿತ್ತಾ ಸರ್?"

ಇನ್ನು ಅಧಿಕಾರ ಉಳಿದಿದ್ದದ್ದು ಬಾಮೈದನೊಬ್ಬನ ಹತ್ತಿರ. ಅವನೋ ಮನೆಯಲ್ಲಿಲ್ಲ, ಫೋನೂ ಎತ್ತುತ್ತಿಲ್ಲ. ಕ್ಷೌರದಂಗಡಿ, ಸ್ಟುಡಿಯೋ, ಗೆಳೆಯರ ಮನೆ ಎಂದು ಯಜಮಾನರು ಊರೆಲ್ಲ ಅಲೆದರು. ಸಂಜೆ ಸೋತು ಸುಣ್ಣವಾಗಿ ಮನೆಗೆ ಬಂದರೆ, ಬಾಮೈದ ಇಸ್ತ್ರಿ ಅಂಗಿ ತೊಟ್ಟು ಸೋಫಾದಲ್ಲಿ ಕೂತಿದ್ದ. ಎದುರಿಗೆ ಗುರುತಿಲ್ಲದ ಹಿರಿಯರೊಬ್ಬರು, ಜೊತೆಗೆ ಅವರ ಮಗಳು.

"ಭಾವ!" ಎಂದು ಬಾಮೈದ ಕಾಲಿಗೇ ಬಿದ್ದ. "ಇನ್ನು ಅಂಗಡಿಗೆ ನಾನೊಬ್ಬನೇ ಯಜಮಾನ ಅಂತ ಬೆಳಗ್ಗೆ ನನಗೆ ಮೆಸೇಜ್ ಬಂತು. ಸೀದಾ ಇವರ ಮನೆಗೆ ಹೋಗಿ ತೋರಿಸಿಬಿಟ್ಟೆ."

"ಭಾವನ ಮನೇಲಿ ಬಿದ್ದಿರೋನಿಗೆ ಮಗಳನ್ನ ಕೊಡಲ್ಲ ಅಂದಿದ್ದೆ," ಎಂದು ಹಿರಿಯರು ಕೈಮುಗಿದರು. "ಇಡೀ ಅಂಗಡೀನೇ ಬರೆದುಕೊಟ್ರಲ್ಲ ಸ್ವಾಮಿ! ಇನ್ನು ನನ್ನದೇನೂ ಅಡ್ಡಿಯಿಲ್ಲ."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಎಂಥ ದೊಡ್ಡ ಮನಸ್ಸು ರೀ ನಿಮ್ಮದು! ನನಗೂ ಒಂದು ಮಾತು ಹೇಳ್ಲಿಲ್ವಲ್ಲ!"

ಯಜಮಾನರು ಎಲ್ಲರ ಮುಖ ನೋಡಿದರು. ಇಲ್ಲವೆನ್ನಲಾರದೆ ಹಿರಿಯರಿಗೆ ತಾವೂ ಕೈಮುಗಿದರು.

ಬಾಮೈದ ಅವರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ನೀವೇನೂ ಚಿಂತೆ ಮಾಡ್ಬೇಡಿ ಭಾವ. ಮದುವೆ ಒಂದು ಮುಗೀಲಿ, ನಿಮಗೂ ಏನಾದ್ರೂ ಕೆಲಸ ನೋಡೋಣ."